ನಾಯಿಯ ಗಂಟಿಗೆ ಎಫ್‌ಎನ್‌ಎಸಿ: ಮಾಡಿಸಲೇಬೇಕಾದ ಸೂಜಿ ಪರೀಕ್ಷೆ

ನಾಯಿಯ ಗಂಟನ್ನು ಬೆರಳಲ್ಲಿ ಒತ್ತಿ ನೋಡಿ "ಬರೀ ಕೊಬ್ಬು, ಏನೂ ಆಗಲ್ಲ" ಎಂದು ಕಳಿಸುವ ಕ್ಲಿನಿಕ್‌ಗಿಂತ, ಸೂಜಿ ಹಾಕಿ, ಜೀವಕೋಶ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡುವ (ಇದೇ ಎಫ್‌ಎನ್‌ಎಸಿ) ಕ್ಲಿನಿಕ್ ಎಷ್ಟೋ ಮೇಲು. ಲ್ಯಾಬ್ರಡಾರ್ ಪಕ್ಕೆಯಲ್ಲಿ ಬರುವ ಮೆತ್ತನೆಯ ಕೊಬ್ಬಿನ ಗಂಟು, ಮಾಸ್ಟ್ ಸೆಲ್ ಎಂಬ ಕ್ಯಾನ್ಸರ್ ಗಡ್ಡೆ, ಎರಡೂ ಕೈಗೆ ಒಂದೇ ಥರ ಸಿಗಬಹುದು.

ಗಂಟು ಬಟಾಣಿ ಕಾಳಿನಷ್ಟು, ಅಂದರೆ 1 ಸೆಂ.ಮೀ. ಆಗಿದ್ದು, ತಿಂಗಳಾದರೂ ಹೋಗದಿದ್ದರೆ ಈ ಪರೀಕ್ಷೆ ಮಾಡಿಸಿ. ಬೇಗ ಬೆಳೆಯುತ್ತಿದ್ದರೆ, ಒಡೆದು ರಕ್ತ ಬರುತ್ತಿದ್ದರೆ, ಒಂದು ದಿನ ಊದಿ ಮರುದಿನ ಇಳಿಯುತ್ತಿದ್ದರೆ ತಿಂಗಳು ಕಾಯಬೇಡಿ. ಜೊತೆಗೆ ವಾಂತಿ, ಕಪ್ಪು ಮಲ ಇದ್ದರೆ ಅಂದೇ ಹೋಗಿ.

ಕೆಲಸ ಎರಡು ನಿಮಿಷದ್ದು, ಅರಿವಳಿಕೆ ಸಾಮಾನ್ಯವಾಗಿ ಬೇಡ. 22 ಗೇಜ್ ಸೂಜಿ, 5 ಅಥವಾ 10 ಎಂ.ಎಲ್. ಸಿರಿಂಜ್. ಗಂಟನ್ನು ಎರಡು ಬೆರಳಲ್ಲಿ ಹಿಡಿದು, ಸೂಜಿಯ ದಿಕ್ಕನ್ನು ಒಳಗೇ ಬದಲಿಸುತ್ತ ಸಿರಿಂಜಿನ ಪಿಸ್ಟನ್ ಎಳೆಯುತ್ತಾರೆ. ಹೊರತೆಗೆಯುವ ಮುಂಚೆ ಪಿಸ್ಟನ್ ಸಡಿಲ ಬಿಡಬೇಕು, ಇಲ್ಲದಿದ್ದರೆ ಸೂಜಿಯಲ್ಲಿದ್ದ ಚೂರು ಸಿರಿಂಜಿನೊಳಗೆ ಹೋಗಿ ಅಂಟಿಕೊಳ್ಳುತ್ತದೆ. ಸ್ಲೈಡ್ (ಗಾಜಿನ ಪಟ್ಟಿ) ಮೇಲೆ ಚಿಮ್ಮಿಸಿದ್ದನ್ನು ಇನ್ನೊಂದು ಸ್ಲೈಡಿನಿಂದ ಒತ್ತದೆ ಎಳೆಯಬೇಕು. ಒತ್ತಿದರೆ ಜೀವಕೋಶ ಒಡೆದು, ನೋಡುವವರಿಗೆ ಏನೂ ಉಳಿಯುವುದಿಲ್ಲ. ಕೊಬ್ಬಾದರೆ ಸ್ಲೈಡ್ ಮೇಲೆ ಎಣ್ಣೆ ಹನಿಯಂತೆ ಮಿನುಗುತ್ತದೆ, ಎಷ್ಟು ಬೀಸಿದರೂ ಒಣಗುವುದಿಲ್ಲ. ಆದರೆ ಸೂಜಿ ಗಂಟಿಗೆ ತಾಗದೆ ಪಕ್ಕದ ಕೊಬ್ಬಿಗೆ ಹೋದರೂ ಹೀಗೇ ಕಾಣುತ್ತದೆ! ಅದಕ್ಕೇ ಎರಡು ಮೂರು ಕಡೆ ಚುಚ್ಚಿ, ನಾಲ್ಕೈದು ಸ್ಲೈಡ್ ಮಾಡುವವರನ್ನು ನಂಬಿ.

ಲ್ಯಾಬಿಗೆ ಕಳಿಸುವಾಗ ಆಗುವ ದೊಡ್ಡ ತಪ್ಪು, ಸ್ಲೈಡ್‌ಗಳನ್ನು ಕೊಯ್ದ ತುಂಡು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಡಬ್ಬದ ಜೊತೆ ಒಂದೇ ಕವರಿನಲ್ಲಿ ಹಾಕುವುದು. ಮುಚ್ಚಳ ಗಟ್ಟಿಯಾಗಿದ್ದರೂ ಅದರ ಆವಿ ತಾಗಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಬೇರೆ ಬೇರೆ ಪ್ಯಾಕ್ ಮಾಡಿ ಎಂದು ನೀವೇ ಹೇಳಿ.

ಮಾಸ್ಟ್ ಸೆಲ್ ಗಡ್ಡೆಗೆ ಈ ಪರೀಕ್ಷೆ ಬಹಳ ಒಳ್ಳೆಯದು. ಬೀದಿ ನಾಯಿಗಳಲ್ಲಿ ಜನನಾಂಗದ ಮೇಲೆ ಹೂಕೋಸಿನಂತೆ ಬರುವ, ಕೂಡುವಾಗ ನಾಯಿಯಿಂದ ನಾಯಿಗೆ ಹರಡುವ ಟಿವಿಟಿ ಗಡ್ಡೆಗೂ ಅಷ್ಟೇ. ಅದಕ್ಕೆ ಸಾಮಾನ್ಯವಾಗಿ ಕೊಯ್ಯುವುದೇ ಬೇಡ, ವಾರಕ್ಕೊಂದು ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದ ಇಂಜೆಕ್ಷನ್‌ನಿಂದ ಹೆಚ್ಚಿನವು ಕರಗುತ್ತವೆ. ಮೊಲೆಯ ಗಂಟಿನಲ್ಲಿ ಮಾತ್ರ ಇದರ ಉತ್ತರ ಪೂರ್ತಿ ನೆಚ್ಚುವಂತಿಲ್ಲ, ಗಡ್ಡೆ ತೆಗೆಸಿ, ತುಂಡನ್ನೇ ಪರೀಕ್ಷಿಸುವ ಬಯಾಪ್ಸಿಗೇ ಕಳಿಸಬೇಕು. ಸಾರ್ಕೋಮಾದ (ಸ್ನಾಯು, ಮೂಳೆಯಂಥ ಭಾಗದ ಕ್ಯಾನ್ಸರ್) ಗಟ್ಟಿ ಗಡ್ಡೆಗಳು ಜೀವಕೋಶ ಬಿಟ್ಟುಕೊಡುವುದು ಕಡಿಮೆ, ಸೂಜಿಗೆ ಎಷ್ಟೋ ಸಲ ಬರೀ ರಕ್ತ ಬರುತ್ತದೆ.

ಹೋಗುವ ಮುಂಚೆ ಸ್ಕೇಲ್ ಇಟ್ಟು ಫೋಟೋ ತೆಗೆದುಕೊಳ್ಳಿ. ಹಿಸುಕಬೇಡಿ: ಮಾಸ್ಟ್ ಸೆಲ್ ಆದರೆ ಹಿಸ್ಟಮೈನ್ ಎಂಬ ಊತ ತರುವ ರಾಸಾಯನಿಕ ಬಿಡುಗಡೆಯಾಗಿ ಸುತ್ತಲೂ ಕೆಂಪಗೆ ಊದುತ್ತದೆ. ಅರಿಸಿನ ಸುಣ್ಣವೂ ಬೇಡ. ಪರೀಕ್ಷೆಗೆ ಮೊದಲೇ ಸ್ಟಿರಾಯ್ಡ್ ಕೊಡಲು ಬಂದರೆ ದಯವಿಟ್ಟು ತಡೆಯಿರಿ. ಗಂಟು ತಾತ್ಕಾಲಿಕವಾಗಿ ಇಳಿದು, ರೋಗ ಪತ್ತೆಯಾಗದೆ ಉಳಿಯಬಹುದು.

ವರದಿಯಲ್ಲಿ "ಮಾದರಿ ಸಾಲದು" ಎಂದಿದ್ದರೆ ಕ್ಯಾನ್ಸರ್ ಇಲ್ಲ ಎಂದರ್ಥವಲ್ಲ. ಇನ್ನೊಮ್ಮೆ ಸೂಜಿ ಹಾಕಿಸಿ, ಇಲ್ಲವೇ ಬಯಾಪ್ಸಿ ಕೇಳಿ.