ಫಾಗ್ ಲೈಟಿನ ಮೂಗು ಮುಚ್ಚಿಸಬೇಡಿ

ಕಾರಿನ ಫಾಗ್ ಲೈಟ್, ಅಂದರೆ ಮಂಜಿನಲ್ಲಿ ದಾರಿ ಕಾಣಲು ಮುಂದುಗಡೆ ಕೆಳಗೆ ಇರುವ ದೀಪ, ಅದರೊಳಗೆ ತೆಳ್ಳಗೆ ಮಬ್ಬು ಕಂಡಿತು ಅಂತ ಯಾರಾದರೂ ಸಂದಿ ಮುಚ್ಚುವ ಸಿಲಿಕಾನ್ ಅಂಟಿನ ಟ್ಯೂಬ್ ಹಿಡಿದು ಬಂದರೆ, ದಯವಿಟ್ಟು ತಡೆಯಿರಿ. ನಾನು ತಡೆಯಲಿಲ್ಲ. ಚೆನ್ನಾಗಿದ್ದ ಲೈಟು ಎರಡೇ ತಿಂಗಳಲ್ಲಿ ಹಾಳಾಯಿತು. ಅದೂ ಕೈಕೊಟ್ಟಿದ್ದು ದಟ್ಟ ಮಂಜಿನ ನಡುವೆ, ರಾತ್ರಿ ಹೊತ್ತು, ಮನೆಯವರೆಲ್ಲ ಗಾಡಿಯಲ್ಲಿದ್ದಾಗ.

ಶುರುವಾಗಿದ್ದು ತೀರಾ ಸಣ್ಣ ವಿಷಯದಿಂದ. ಕಾರು ತೊಳೆಸಿಕೊಂಡು ಬಂದ ಸಂಜೆ ಎಡಗಡೆ ಫಾಗ್ ಲೈಟಿನ ಗಾಜಿನ ಒಳಗೆ ಆವಿ ಕೂತಿತ್ತು. ಕನ್ನಡಿಗೆ ಬಾಯಿಂದ ಉಸಿರು ಬಿಟ್ಟರೆ ಆಗುತ್ತಲ್ಲ, ಹಾಗೆ. ಹನಿ ಇರಲಿಲ್ಲ. ತಳದಲ್ಲಿ ನೀರು ನಿಂತಿರಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ಆವಿಯೂ ಹೋಗಿತ್ತು. ಒಂದೆರಡು ವಾರ ಬಿಟ್ಟು, ಮಳೆ ಬಂದ ರಾತ್ರಿ, ಮತ್ತೆ ಕಾಣಿಸಿತು. ಜೋಪಾನವಾಗಿ ಇಟ್ಟುಕೊಂಡ ಗಾಡಿ. ಒಂದು ಕಡೆ ಮಾತ್ರ ಮಬ್ಬು ಅಂದರೆ ಮನಸ್ಸಿಗೆ ಏನೋ ಕಿರಿಕಿರಿ. ಗ್ಯಾರೇಜಿಗೆ ಒಯ್ದೆ.

ಅಲ್ಲಿದ್ದವರು ಬಗ್ಗಿ ನೋಡಿದರು. "ಸೀಲ್ ಹೋಗಿದೆ ಸರ್. ಸುತ್ತ ಸಿಲಿಕಾನ್ ಹಾಕ್ಬಿಡ್ತೀನಿ, ಇನ್ಮೇಲೆ ಒಂದು ಹನಿ ನೀರೂ ಒಳಗೆ ಹೋಗಲ್ಲ" ಎಂದರು. ಜೊತೆಗೆ ಇನ್ನೊಂದು ಸಲಹೆ: "ನೂರು ವ್ಯಾಟ್ ಬಲ್ಬ್ ಹಾಕೋಣ, ಆ ಬಿಸಿಗೆ ಪಸೆ ನಿಲ್ಲೋದೇ ಇಲ್ಲ." ಬಲ್ಬ್ ಬೇಡ ಎಂದೆ. ಸಿಲಿಕಾನ್‌ಗೆ ಹೂಂ ಎಂದೆ.

ಲೈಟನ್ನು ಬಿಚ್ಚಿ, ಗಾಜು ಸೇರುವ ಅಂಚಿನ ಸುತ್ತ ದಪ್ಪಗೆ ಹಚ್ಚಿದರು. ಹಿಂದುಗಡೆ ಬಲ್ಬ್ ಕೂರುವ ಜಾಗಕ್ಕೂ ಹಚ್ಚಿದರು. ಅಲ್ಲೇ ಪಕ್ಕದಲ್ಲಿ ಎಲ್ ಆಕಾರದ ಎರಡು ಪುಟ್ಟ ರಬ್ಬರ್ ಕೊಳವೆಗಳಿದ್ದವು, ಬಾಯಿ ಕೆಳಗೆ ಮಾಡಿಕೊಂಡು. ಅವುಗಳ ಬಾಯಿಗೂ ಒಂದೊಂದು ಮುದ್ದೆ ಒತ್ತಿದರು. ಮೂಗಿಗೆ ಬಡಿಯುವಂಥ ಹುಳಿ ವಾಸನೆ, ವಿನೆಗರ್ ಬಾಟಲಿ ತೆಗೆದ ಹಾಗೆ. ಆ ಎರಡು ಕೊಳವೆ, ಆ ಒಂದು ವಾಸನೆ. ಮುಂದೆ ಆದ ಅಷ್ಟೂ ಹಾನಿಗೆ ಇವೇ ಕಾರಣ. ನೋಡುತ್ತಾ ನಿಂತಿದ್ದ ನನಗೆ ಆಗ ಅದು ಗೊತ್ತಿರಲಿಲ್ಲ. ಬಲಗಡೆಯ ಲೈಟಿಗೂ, ಅದಕ್ಕೆ ಏನೂ ಆಗಿಲ್ಲದಿದ್ದರೂ, ಇರಲಿ ಅಂತ ಅದೇ ಉಪಚಾರ ಆಯಿತು.

ನಾಲ್ಕೈದು ದಿನ ಚೆನ್ನಾಗಿತ್ತು. ಆಮೇಲೆ ಮಬ್ಬು ಮತ್ತೆ ಬಂತು. ಈ ಸಲ ಮಧ್ಯಾಹ್ನವಾದರೂ ಹೋಗಲಿಲ್ಲ, ಮಾರನೇ ದಿನವೂ ಹೋಗಲಿಲ್ಲ. ಒಂದು ರಾತ್ರಿ ಲೈಟ್ ಹಾಕಿಕೊಂಡೇ ರಸ್ತೆಯಲ್ಲಿ ನಿಂತಿದ್ದ ನೀರು ದಾಟಿದೆ. ಬೆಳಿಗ್ಗೆ ನೋಡಿದರೆ ಗಾಜಿನ ಒಳಗೆ ಸಾಲಾಗಿ ಹನಿಗಳು. ತಳದಲ್ಲಿ ಒಂದು ಬೆರಳಿನ ಗಾತ್ರ ನೀರು. ಬ್ರೇಕ್ ಹಾಕಿದಾಗಲೆಲ್ಲ ಆ ನೀರು ಮುಂದಕ್ಕೂ ಹಿಂದಕ್ಕೂ ತೂಗಾಡುತ್ತಿರಬೇಕು. ಬಿಸಿಲಿಗೆ ಆರುತ್ತೆ ಬಿಡು ಅಂದುಕೊಂಡೆ. ಆರಿ ಹೋಗೋದಕ್ಕೆ ದಾರಿಯೇ ಉಳಿದಿರಲಿಲ್ಲ.

ಮಂಜಿನ ರಾತ್ರಿ ಆಗಿದ್ದು ಇಷ್ಟು. ಹೆಡ್ ಲೈಟ್ ಡಿಪ್‌ನಲ್ಲಿತ್ತು, ಫಾಗ್ ಲೈಟ್ ಹಾಕಿದೆ. ರಸ್ತೆಯ ಅಂಚು ಕಾಣುವ ಬದಲು ಎಡಗಡೆ ಬೆಳ್ಳನೆಯ ಗೋಡೆ ಎದ್ದ ಹಾಗಾಯಿತು. ಎದುರಿಂದ ಬರುವವರು ಒಬ್ಬರಾದ ಮೇಲೊಬ್ಬರು ಡಿಪ್ಪರ್ ಹೊಡೆಯತೊಡಗಿದರು. ಫಾಗ್ ಲೈಟಿನ ಬೆಳಕು ಅಗಲವಾಗಿ, ನೆಲಕ್ಕೆ ಹತ್ತಿರವಾಗಿ ಬೀಳಬೇಕು. ಮೇಲ್ಗಡೆ ಗೆರೆ ಎಳೆದ ಹಾಗೆ ಕತ್ತರಿಸಿರಬೇಕು. ಮೇಲೆ ಹೋದ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ ಅಂತಲೇ ಹಾಗೆ ಮಾಡಿರುತ್ತಾರೆ. ಗಾಜಿನ ಒಳಗೆ ಹನಿ ಕೂತರೆ ಪ್ರತಿ ಹನಿಯೂ ಬೆಳಕನ್ನು ಸಿಕ್ಕಸಿಕ್ಕ ಕಡೆ ಚೆಲ್ಲುತ್ತೆ. ಗೆರೆ ಅಳಿಸಿಹೋಗುತ್ತೆ. ಹತ್ತು ನಿಮಿಷ ಹಾಗೇ ತೆವಳಿದೆವು. ಆಮೇಲೆ ಎರಡೂ ಫಾಗ್ ಲೈಟ್ ಒಟ್ಟಿಗೇ ಆರಿಹೋದವು. ನನ್ನ ಗಾಡಿಯಲ್ಲಿ ಎರಡಕ್ಕೂ ಒಂದೇ ಫ್ಯೂಸ್. ಹಿಂದಿನ ಸೀಟಿನಿಂದ ಅಮ್ಮ "ನಿಲ್ಸು, ಪಕ್ಕಕ್ಕೆ ಹಾಕು" ಅಂದಳು. ರಸ್ತೆ ಬಿಟ್ಟು ಒಳಗೆ ನಿಲ್ಲಿಸಿಕೊಂಡು ಮಂಜು ತಿಳಿಯಾಗುವವರೆಗೂ ಕಾದೆವು. ಏನೂ ಆಗಲಿಲ್ಲ ನಿಜ. ಆದರೆ ಆ ಕಾಯುವಿಕೆ ಬೇರೆ ಯಾರಿಗೂ ಬೇಡ.

ಲೈಟನ್ನು ಕೊನೆಗೆ ಬಿಚ್ಚಿದವರು ವಾಹನಗಳ ಎಲೆಕ್ಟ್ರಿಕ್ ಕೆಲಸದಲ್ಲೇ ತಲೆ ನರೆಸಿಕೊಂಡ ಹಿರಿಯರೊಬ್ಬರು. ಮೊದಲು ಕಪ್ಲರ್, ಅಂದರೆ ಬಲ್ಬಿಗೆ ವೈರು ಸೇರಿಸುವ ಪ್ಲಗ್, ಎಳೆದರು. ಪಿನ್ನುಗಳ ಸುತ್ತ ಹಸಿರು ಕಿಲುಬು, ಪುಡಿಪುಡಿಯಾಗಿ ಅವರ ಬೆರಳಿಗೆ ಅಂಟಿತು. ನೀರು, ಕಿಲುಬು ಸೇರಿ ಪಿನ್ನಿಂದ ಪಿನ್ನಿಗೆ ದಾರಿ ಮಾಡಿಕೊಂಡು ಶಾರ್ಟ್ ಆಗಿತ್ತು. ಆಮೇಲೆ ಬಲ್ಬ್ ತಿರುಗಿಸಿ ತೆಗೆದು, ಟಾರ್ಚ್ ಹಾಕಿ ಒಳಗೆ ನೋಡು ಎಂದರು. ಕನ್ನಡಿಯ ಹಾಗೆ ಹೊಳೆಯಬೇಕಾಗಿದ್ದ ರಿಫ್ಲೆಕ್ಟರ್ ಬೂದಿ ಬಣ್ಣಕ್ಕೆ ತಿರುಗಿತ್ತು. ಬಲ್ಬ್ ಕೂರುವ ತೂತಿನ ಸುತ್ತ, ಸಿಲಿಕಾನ್‌ಗೆ ತೀರಾ ಹತ್ತಿರದಲ್ಲಿ, ಹೊಳಪು ಪೂರ್ತಿ ಎದ್ದುಹೋಗಿ ಕೆಳಗಿನ ಪ್ಲಾಸ್ಟಿಕ್ ಕಾಣುತ್ತಿತ್ತು. ಅವರು ಹೆಬ್ಬೆರಳ ಉಗುರಿನಿಂದ ರಬ್ಬರ್ ಕೊಳವೆಯ ಬಾಯಿಂದ ಗಟ್ಟಿಯಾದ ಮುದ್ದೆಯನ್ನು ಕಿತ್ತು ನನ್ನ ಅಂಗೈ ಮೇಲಿಟ್ಟರು.

"ಇದು ಲೈಟಿನ ಮೂಗು ಅಲ್ವೇನಪ್ಪಾ. ಮೂಗು ಮುಚ್ಚಿದ್ರೆ ಬದುಕುತ್ತಾ?"

ಅವರು ವಿವರಿಸಿದ್ದನ್ನು, ಆಮೇಲೆ ನಾನು ಓದಿ ಖಚಿತ ಮಾಡಿಕೊಂಡಿದ್ದನ್ನು ಸೇರಿಸಿ ಬರೆಯುತ್ತೇನೆ. ಇದು ಗೊತ್ತಿದ್ದಿದ್ದರೆ ನಾನು ಗ್ಯಾರೇಜಿಗೇ ಹೋಗುತ್ತಿರಲಿಲ್ಲ.

ಫಾಗ್ ಲೈಟು ಗಾಳಿಯಾಡದ ಡಬ್ಬಿ ಅಲ್ಲ. ಅದನ್ನು ಉಸಿರಾಡೋ ಹಾಗೆಯೇ ಮಾಡಿರುತ್ತಾರೆ. ಬಲ್ಬ್ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತೆ. 25 ಡಿಗ್ರಿಯಲ್ಲಿದ್ದ ಗಾಳಿ 80 ಡಿಗ್ರಿಗೆ ಬಂದರೆ ಸುಮಾರು 18 ಶೇಕಡಾ ಜಾಸ್ತಿ ಜಾಗ ಕೇಳುತ್ತೆ. ಅದು ಹೊರಗೆ ಹೋಗೋದು, ಆರಿದಾಗ ಮತ್ತೆ ಒಳಗೆ ಬರೋದು ಆ ಗಾಳಿಕಿಂಡಿಯಿಂದ. ಗ್ಯಾರೇಜುಗಳಲ್ಲಿ ಅದನ್ನು ಬ್ರೀದರ್ ಅನ್ನುತ್ತಾರೆ. ಕೆಲವು ಗಾಡಿಗಳಲ್ಲಿ ಕೆಳಮುಖದ ಕೊಳವೆ ಇರುತ್ತೆ, ಕೆಲವದರಲ್ಲಿ ಹಿಂದುಗಡೆ ಚಿಕ್ಕ ಸ್ಟಿಕರ್ ಥರದ ಪೊರೆ. ಆ ಪೊರೆ ಆವಿಯನ್ನು ಬಿಡುತ್ತೆ, ನೀರನ್ನು ತಡೆಯುತ್ತೆ. ನೋಡೋಕೆ ಕಿತ್ತೆಸೆಯಬೇಕಾದ ಲೇಬಲ್ ಹಾಗೇ ಇರುತ್ತೆ. ದಯವಿಟ್ಟು ಕೀಳಬೇಡಿ.

ಈ ಕಿಂಡಿ ಮುಚ್ಚಿದರೆ ಹಿಗ್ಗಿದ ಗಾಳಿ ಸುಮ್ನೆ ಕೂರುವುದಿಲ್ಲ. ಎಲ್ಲಿ ಬಿಗಿ ಕಡಿಮೆ ಇದೆಯೋ ಅಲ್ಲಿಂದ ದಾರಿ ಮಾಡಿಕೊಳ್ಳುತ್ತೆ. ನನ್ನ ಲೈಟಿನಲ್ಲಿ ಅದು ಬಲ್ಬಿನ ಬುಡದ ರಬ್ಬರ್ ರಿಂಗ್ ಪಕ್ಕದಿಂದ ಹೊರಟಿತ್ತು. ಬಿಸಿಯಾಗಿ ಉರಿಯುತ್ತಿದ್ದ ಲೈಟು ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿತು. ಕುಗ್ಗಿದ ಜಾಗ ತುಂಬೋಕೆ ಅದೇ ಸಂದಿಯಿಂದ ನೀರನ್ನೇ ಎಳೆದುಕೊಂಡಿತು. ಹೋದ ನೀರಿಗೆ ಆವಿಯಾಗಿ ಹೊರಗೆ ಬರೋಕೆ ಕಿಂಡಿ ಇಲ್ಲ. ಬಲ್ಬ್ ಉರಿದಾಗ ಆವಿ, ಆರಿದಾಗ ಹನಿ, ದಿನಾ ಇದೇ ಸುತ್ತು.

ರಿಫ್ಲೆಕ್ಟರ್ ಹಾಳಾಗಿದ್ದಕ್ಕೆ ಆ ಹುಳಿ ವಾಸನೆಯೇ ಕಾರಣ. ಕೆಲವು ಬಗೆಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತೆ, ಅಂದರೆ ವಿನೆಗರ್‌ನಲ್ಲಿರುವ ಅದೇ ಆಮ್ಲ. ರಿಫ್ಲೆಕ್ಟರಿನ ಹೊಳಪು ಕೂದಲೆಳೆಗಿಂತಲೂ ಎಷ್ಟೋ ತೆಳುವಾದ ಅಲ್ಯೂಮಿನಿಯಂ ಲೇಪ. ಆಮ್ಲದ ಆವಿ, ನೀರು ಎರಡೂ ಒಳಗೇ ಸಿಕ್ಕಿಕೊಂಡರೆ ಅದು ಉಳಿಯೋದಿಲ್ಲ. ತಾಮ್ರದ ಪಿನ್ನುಗಳಿಗೂ ಅದೇ ಗತಿ. ಗಾಜಿನ ಅಂಚು ನಿಜವಾಗಲೂ ಬಿಟ್ಟಿದ್ದರೆ, ಒಣಗಿಸಿದ ಮೇಲೆ, ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವ, ಅಂದರೆ ಈ ಆಮ್ಲ ಬಿಡದ, ಸಿಲಿಕಾನ್ ಅನ್ನು ಆ ಅಂಚಿಗೆ ಮಾತ್ರ ಹಚ್ಚಿಸಬಹುದು. ಗಟ್ಟಿಯಾಗೋ ತನಕ ಲೈಟು ಹಾಕಬಾರದು. ಹುಳಿ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ.

ಹಾಗಾದರೆ ಯಾವ ಮಬ್ಬಿಗೆ ಹೆದರಬೇಕು, ಯಾವುದಕ್ಕೆ ಬೇಡ? ನನಗೆ ಒಂದು ಲೆಕ್ಕ ಬಹಳ ಸಹಾಯ ಮಾಡಿತು. 25 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 23 ಗ್ರಾಂ ನೀರಿನ ಆವಿ ಹಿಡಿದುಕೊಳ್ಳುತ್ತೆ. 10 ಡಿಗ್ರಿಗೆ ಇಳಿದರೆ ಸುಮಾರು 9 ಗ್ರಾಂ ಮಾತ್ರ. ಉಳಿದದ್ದು ತಣ್ಣಗಿರುವ ಗಾಜಿನ ಮೇಲೆ ಕೂರುತ್ತೆ. ಫಾಗ್ ಲೈಟಿನ ಒಳಗೆ ಅರ್ಧ ಲೀಟರ್ ಗಾಳಿ ಇದೆ ಅಂದುಕೊಳ್ಳಿ. ಅದರಲ್ಲಿ ಇರಬಹುದಾದ ನೀರು ಹೆಚ್ಚೆಂದರೆ 12 ಮಿಲಿಗ್ರಾಂ. ಡ್ರಾಪರಿನಿಂದ ಬೀಳುವ ಒಂದೇ ಹನಿ ಸುಮಾರು 50 ಮಿಲಿಗ್ರಾಂ ಇರುತ್ತೆ. ಅಂದರೆ ಒಳಗಿನ ಗಾಳಿಯ ತೇವ ಪೂರ್ತಿ ಇಳಿದರೂ ಒಂದು ಹನಿಯ ಕಾಲು ಭಾಗವೂ ಆಗೋದಿಲ್ಲ. ಅದು ತೆಳ್ಳಗೆ ಮಬ್ಬಾಗಿ ಕಾಣಬಹುದು, ಅಷ್ಟೇ. ಹನಿ ಹರಿಯುತ್ತಿದ್ದರೆ, ತಳದಲ್ಲಿ ನೀರು ನಿಂತಿದ್ದರೆ, ಅದು ಹೊರಗಿಂದ ನುಗ್ಗಿದ ನೀರೇ.

ತೆಳು ಮಬ್ಬಾದರೆ ಲೈಟ್ ಹಾಕಿಕೊಂಡು ಸ್ವಲ್ಪ ದೂರ ಓಡಿಸಿದ ಮೇಲೆ ಅಥವಾ ಒಣ ಹವೆಯ ಒಂದು ದಿನ ಕಳೆದ ಮೇಲೆ ಹೋಗಬೇಕು. ಹೋದರೆ ಅದರ ಪಾಡಿಗೆ ಬಿಡಿ. ಎಷ್ಟೋ ಗಾಡಿಗಳ ಜೊತೆ ಕೊಡುವ ಪುಸ್ತಕದಲ್ಲೇ ಇದು ಸಹಜ ಅಂತ ಬರೆದಿರುತ್ತೆ. ಎಲ್‌ಇಡಿ ಲೈಟಾದರೆ ಇನ್ನೂ ಸ್ವಲ್ಪ ತಾಳ್ಮೆ ಬೇಕು. ಅದು ಗಾಜಿನ ಕಡೆಗೆ ಹ್ಯಾಲೊಜೆನ್ ಬಲ್ಬಿನಷ್ಟು ಶಾಖ ಕೊಡೋದಿಲ್ಲ.

ನೀರು ನಿಂತಿದ್ದರೆ ಮಾತ್ರ ಕಾಯಬೇಡಿ. ಲೈಟು ಆರಿಸಿ, ತಣ್ಣಗಾಗಲು ಬಿಟ್ಟು, ಕಪ್ಲರ್ ತೆಗೆದು ಬಲ್ಬ್ ಹೊರಗೆ ತೆಗೆಸಿ. ಬಲ್ಬಿನ ಗಾಜಿಗೆ ಕೈ ತಾಕಬಾರದು. ಬೆರಳಿನ ಎಣ್ಣೆಪಸೆ ಅಂಟಿದ ಜಾಗ ಹೆಚ್ಚು ಕಾದು ಗಾಜು ಒಡೆಯಬಹುದು. ನೀರು ಬಸಿದು, ತೂತು ಕೆಳಗೆ ಮಾಡಿ ಬೆಚ್ಚಗಿನ ಒಣ ಜಾಗದಲ್ಲಿ ಒಂದೆರಡು ದಿನ ಇಡಿ. ಅವಸರ ಇದ್ದರೆ ಹೇರ್ ಡ್ರೈಯರ್, ಕಡಿಮೆ ಬಿಸಿಯಲ್ಲಿ, ದೂರದಿಂದ. ಹೀಟ್ ಗನ್ ಬೇಡವೇ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಒಳಗೆ ಬಟ್ಟೆ ತೂರಿಸಿ ಒರೆಸೋದೂ ಬೇಡ. ಆ ಲೇಪ ಬಟ್ಟೆಗೇ ಬಂದುಬಿಡುತ್ತೆ.

ಒಣಗಿದ ಮೇಲೆ ನೀರು ಎಲ್ಲಿಂದ ಬಂತು ಅಂತ ಹುಡುಕಬೇಕು. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ವ್ಯರ್ಥ. ಹೆಚ್ಚಿನ ಸಲ ಸಿಗೋದು ಚಪ್ಪಟೆಯಾದ ಅಥವಾ ಸೀಳಿದ ರಬ್ಬರ್ ರಿಂಗ್, ಇಲ್ಲವೇ ಬಲ್ಬ್ ಬದಲಿಸಿದಾಗ ಪೂರ್ತಿ ತಿರುಗಿಸಿ ಲಾಕ್ ಮಾಡದೆ ಬಿಟ್ಟಿರೋದು. ಕಲ್ಲು ಬಡಿದು ಗಾಜಿನಲ್ಲಿ ಕೂದಲೆಳೆಯಂಥ ಬಿರುಕು ಬಂದಿರಬಹುದು. ಬ್ರೀದರ್ ಕೊಳವೆಯಲ್ಲಿ ಕೆಸರು ಗಟ್ಟಿಯಾಗಿರಬಹುದು, ಜೇಡ ಗೂಡು ಕಟ್ಟಿರಬಹುದು. ಮೆದು ಬ್ರಷ್ ಸಾಕು.

ಆ ನೂರು ವ್ಯಾಟ್ ಬಲ್ಬಿನ ವಿಷಯ. ನನ್ನ ಲೈಟಿನಲ್ಲಿರೋದು ಎಚ್11 ಅನ್ನೋ ಬಗೆಯ ಬಲ್ಬ್, 55 ವ್ಯಾಟ್. 12 ವೋಲ್ಟಿನಲ್ಲಿ ಅದು ನಾಲ್ಕೂವರೆ ಆಂಪಿಯರ್ ಚಿಲ್ಲರೆ ಎಳೆಯುತ್ತೆ. ನೂರು ವ್ಯಾಟಿನದು ಎಂಟು ಆಂಪಿಯರಿಗೂ ಮೇಲೆ. ವೈರು, ಹೋಲ್ಡರ್, ಪ್ಲಾಸ್ಟಿಕ್ ಯಾವುದನ್ನೂ ಅದಕ್ಕೆ ಮಾಡಿಲ್ಲ. ಪಸೆ ಓಡಿಸೋಕೆ ಹೋಗಿ ಬೆಂಕಿ ಕರೆದ ಹಾಗೆ. ಕೆಳಗೆ ಒಂದು ತೂತು ಕೊರೆದುಬಿಡಿ ಅನ್ನುವವರೂ ಇದ್ದಾರೆ. ನೀರು ಇಳಿಯುವ ತೂತಿನಿಂದಲೇ ರಸ್ತೆಯ ನೀರು, ಧೂಳು ಏರುತ್ತೆ. ಅದನ್ನೂ ಒಪ್ಪಬೇಡಿ.

ಇನ್ನೊಂದು ನಷ್ಟ ನನಗೆ ತಡವಾಗಿ ಗೊತ್ತಾಯಿತು. ಗಾಡಿಗೆ ಇನ್ನೂ ವಾರಂಟಿ ಇತ್ತು. ಆದರೆ ಹೊರಗಿನವರು ಸಿಲಿಕಾನ್ ಹಚ್ಚಿದ್ದು ಕಂಡ ಕೂಡಲೇ ಕಂಪನಿಯ ಸರ್ವಿಸ್ ಸೆಂಟರಿನವರು ಆಗಲ್ಲ ಎಂದುಬಿಟ್ಟರು. ಅವರ ಮೇಲೆ ತಪ್ಪು ಹೊರಿಸೋಕೆ ನನ್ನ ಹತ್ತಿರ ಮಾತಿರಲಿಲ್ಲ. ವಾರಂಟಿ ಇದ್ದರೆ ಏನನ್ನೂ ಮುಟ್ಟಿಸದೆ ಮೊದಲು ಅಲ್ಲಿಗೇ ಹೋಗಿ. ನೀರು ಕಾಣುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ನೀವು ಹೋಗುವ ದಿನ ಅದು ಆರಿರಬಹುದು.

ಎಡಗಡೆಯದನ್ನು ಪೂರ್ತಿ ಬದಲಿಸಬೇಕಾಯಿತು, ಕಪ್ಲರ್ ಸಮೇತ. ಬಲಗಡೆಯದನ್ನು ಆ ಹಿರಿಯರು ಉಳಿಸಿಕೊಟ್ಟರು. ಅರ್ಧ ದಿನ ಕೂತು ಸಿಲಿಕಾನ್ ಕೆರೆದು, ಕೊಳವೆಗಳ ಬಾಯಿ ಬಿಡಿಸಿ, ಹೊಸ ರಬ್ಬರ್ ರಿಂಗ್ ಹಾಕಿದರು. ಈಗ ಕಾರು ತೊಳೆಸುವಾಗ ಲೈಟು ತಣ್ಣಗಾಗುವವರೆಗೂ ಕಾಯುತ್ತೇನೆ. ಪ್ರೆಶರ್ ಪೈಪನ್ನು ಗಾಜಿನ ಅಂಚಿಗೆ ಹಿಡಿಯಬೇಡಿ ಅಂತ ಪಕ್ಕದಲ್ಲೇ ನಿಂತು ಹೇಳುತ್ತೇನೆ. ಹೋದ ವಾರ ಮಳೆ ನಿಂತ ಮೇಲೆ ಹೊಸ ಲೈಟಿನ ಮೂಲೆಯಲ್ಲಿ ತೆಳ್ಳಗೆ ಆವಿ ಕಂಡಿತು. ಲೈಟ್ ಹಾಕಿಕೊಂಡು ಇಪ್ಪತ್ತು ನಿಮಿಷ ಓಡಿಸಿ ಬಂದು ಬಗ್ಗಿ ನೋಡಿದೆ. ಗಾಜು ತಿಳಿಯಾಗಿತ್ತು.