ಸೋರುವ ಪ್ಯಾಡಲ್‌ಬೋರ್ಡು: ನಾಲ್ಕು ದುರಸ್ತಿಗಳ ಹೋಲಿಕೆ

ಗಾಳಿ ತುಂಬಿ, ಮೇಲೆ ನಿಂತು ಹುಟ್ಟು ಹಾಕುತ್ತ ನೀರಿನಲ್ಲಿ ಸಾಗುವ, ಈಗ ಬಣ್ಣ ಮಾಸಿ ಮೂಲೆ ಸೇರಿದ್ದ ನನ್ನ ಹಳೆಯ ಪಿವಿಸಿ ಪ್ಯಾಡಲ್‌ಬೋರ್ಡಿನ ತಳದಲ್ಲಿ ಒಂದೇ ಸೂಜಿಯಿಂದ ನಾಲ್ಕು ರಂಧ್ರಗಳನ್ನು ಮಾಡಿ, ಒಂದೊಂದನ್ನು ಒಂದೊಂದು ವಿಧಾನದಲ್ಲಿ ಮುಚ್ಚಿದೆ. ಮೊದಲನೆಯದಕ್ಕೆ ಹಿಂಬದಿಯ ಕಾಗದ ಸುಲಿದು ಅಂಟಿಸುವ ಪಾರದರ್ಶಕ ತೇಪೆ. ಎರಡನೆಯದಕ್ಕೆ ಬೋರ್ಡಿನ ಜೊತೆಗೇ ಬಂದಿದ್ದ ಟ್ಯೂಬಿನ ಅಂಟು ಮತ್ತು ಪಿವಿಸಿ ತುಂಡು. ಮೂರನೆಯದಕ್ಕೆ ಗಟ್ಟಿಕಾರಕವನ್ನು ಬೆರೆಸಿ ಬಳಸುವ ಎರಡು ಭಾಗಗಳ ಅಂಟು ಮತ್ತು ಅದೇ ಬಗೆಯ ಪಿವಿಸಿ ತುಂಡು. ನಾಲ್ಕನೆಯದಕ್ಕೆ ತೇಪೆಯೇ ಇಲ್ಲದೆ ಯುರೆಥೇನ್ ಸೀಲಂಟ್, ಅಂದರೆ ಒಣಗಿದಾಗ ರಬ್ಬರಿನಂತಾಗುವ ಅಂಟು. ಒಂದೇ ಬೋರ್ಡಿನಲ್ಲಿದ್ದುದರಿಂದ ನಾಲ್ಕಕ್ಕೂ ಒಂದೇ ಒತ್ತಡ, ಒಂದೇ ಬಿಸಿಲು ಸಿಕ್ಕಿತು. ಯಾವುದು ಸೋತಿತೆಂಬುದನ್ನು, ಮೇಲೆ ಸವರಿದ ಸೋಪುನೀರಿನಲ್ಲಿ ಎದ್ದ ನೊರೆ ತೋರಿಸಿಕೊಟ್ಟಿತು.

ಆದರೆ ಅಂಟಿನ ಡಬ್ಬಿ ತೆರೆಯುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಹೊಸ ಬೋರ್ಡು ಸೋರುತ್ತಿದೆಯೆಂದು ನಾನು ಒಂದು ವಾರ ತಳವನ್ನೆಲ್ಲ ಉಜ್ಜಿ ಹುಡುಕಿದ್ದೆ. ಗಾಳಿ ಹೋಗುತ್ತಿದ್ದುದು ವಾಲ್ವ್‌ನಿಂದ. ವಾಲ್ವ್‌ನ ನಡುವಿನ ಕಡ್ಡಿಯ ಸುತ್ತ ಗುಳ್ಳೆ ಬಂದರೆ ಒಳಗೆ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ, ಹೊರ ಅಂಚಿನಲ್ಲಿ ಬಂದರೆ ವಾಲ್ವ್ ಸಡಿಲವಾಗಿರುತ್ತದೆ. ಮೊದಲನೆಯದಕ್ಕೆ ತೊಳೆಯುವುದು, ಎರಡನೆಯದಕ್ಕೆ ಗಾಳಿ ಪೂರ್ತಿ ಬಿಟ್ಟು ವಾಲ್ವ್ ಕೀಲಿಯಿಂದ ಬಿಗಿಗೊಳಿಸುವುದು ಸಾಕು. ಇನ್ನು ಮಾಪಕದ ಮುಳ್ಳು ಇಳಿದ ಮಾತ್ರಕ್ಕೆ ಸೋರಿಕೆಯಿದೆ ಎನ್ನುವಂತಿಲ್ಲ. 35 ಡಿಗ್ರಿ ಬಿಸಿಯಲ್ಲಿ 15 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ತುಂಬಿದ ಬೋರ್ಡನ್ನು 20 ಡಿಗ್ರಿಯ ನೀರಿಗೆ ಇಳಿಸಿದರೆ, ಒಳಗಿನ ಗಾಳಿ ತಣಿದ ಕಾರಣದಿಂದಲೇ ಒತ್ತಡ ಸುಮಾರು 13.5ಕ್ಕೆ ಬರುತ್ತದೆ.

ಈ ಒತ್ತಡವೇ ಇಲ್ಲಿನ ದುರಸ್ತಿಯನ್ನು ಗಾಳಿಹಾಸಿಗೆಯ ದುರಸ್ತಿಗಿಂತ ಕಠಿಣವಾಗಿಸುತ್ತದೆ. ಮೇಲಿನ ಮತ್ತು ಕೆಳಗಿನ ಪದರಗಳನ್ನು ಸಾವಿರಾರು ಎಳೆಗಳು ಒಳಗಿನಿಂದ ಹಿಡಿದಿಟ್ಟಿರುವುದರಿಂದ ಬೋರ್ಡು ಚಪ್ಪಟೆಯಾಗಿಯೇ ಬಿಗಿಯಾಗುತ್ತದೆ. ಅದೇ ಎಳೆಗಳಿಂದಾಗಿ ಒಳಬದಿಯಿಂದ ತೇಪೆ ಹಾಕುವ ದಾರಿಯೂ ಮುಚ್ಚಿಹೋಗಿರುತ್ತದೆ. ಹೊರಗಿನಿಂದ ಹಾಕಿದ ತೇಪೆಯನ್ನು ಗಾಳಿ ಸದಾ ಎಬ್ಬಿಸಲು ನೋಡುತ್ತಿರುತ್ತದೆ. ಆದ್ದರಿಂದ ತೇಪೆ ರಂಧ್ರದ ಸುತ್ತ ಐದು ಸೆಂಟಿಮೀಟರಿನಷ್ಟು ಹರಡಿರಬೇಕು ಮತ್ತು ಅದರ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಏಕೆಂದರೆ ಚೂಪು ಮೂಲೆಯೇ ಮೊದಲು ಏಳುತ್ತದೆ.

ಸುಲಿದು ಅಂಟಿಸುವ ತೇಪೆಯ ಕೆಲಸ ಐದು ನಿಮಿಷದ್ದು. ಆಲ್ಕೊಹಾಲಿನಿಂದ ಒರೆಸಿ, ಗಾಳಿ ಬಿಟ್ಟ ಬೋರ್ಡಿನ ಮೇಲೆ ಒತ್ತಿ ಅಂಟಿಸಿದ ಅದು ಮೊದಲ ದಿನ ಎಲ್ಲವುಗಳಿಗಿಂತ ಚೆನ್ನಾಗಿ ಕಂಡಿತು. ಮಧ್ಯಾಹ್ನದ ಬಿಸಿಲಿಗೆ ಮೂರು ದಿನ ಇಟ್ಟ ಮೇಲೆ ಅದರ ಅಡಿಯಲ್ಲಿ ಕಣ್ಣಿಗೆ ಕಾಣುವಂತೆ ಗಾಳಿಯ ಪೊರೆ ಎದ್ದು, ಒಂದು ಬದಿಯಿಂದ ನೊರೆ ಬಂತು. ಅದನ್ನು ನಾನು ದೂಷಿಸಲಾರೆ. ನೀರಿನ ನಡುವೆ ಸಿಕ್ಕಿಬಿದ್ದವರನ್ನು ದಡ ಮುಟ್ಟಿಸುವುದಷ್ಟೇ ಅದರ ಹೊಣೆ. ಕೊಳ್ಳುವಾಗ ಮಾತ್ರ ಪಿವಿಸಿಗೆ ಎಂದು ನಮೂದಿಸಿದ್ದನ್ನೇ ಕೊಳ್ಳಬೇಕು.

ಒಂಟಿ ಟ್ಯೂಬಿನ ಅಂಟು ಮತ್ತು ಎರಡು ಭಾಗಗಳ ಅಂಟಿನ ನಡುವಿನ ಸ್ಪರ್ಧೆಯೇ ನಿಜವಾದದ್ದು. ಎರಡಕ್ಕೂ ಒಂದೇ ತಯಾರಿ ಮಾಡಿದೆ: ನುಣುಪು ಕಣದ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಅಸಿಟೋನಿನಿಂದ ಒರೆಸಿ, ಬೋರ್ಡು ಮತ್ತು ತೇಪೆ ಎರಡಕ್ಕೂ ತೆಳುವಾಗಿ ಅಂಟು ಬಳಿದು, ಜಿಗುಟು ಬರುವವರೆಗೆ ಕಾದು, ಇನ್ನೊಂದು ಸಲ ಬಳಿದು, ನಡುವಿನಿಂದ ಅಂಚಿಗೆ ರೋಲರಿನಿಂದ ಒತ್ತಿ, ಪೂರ್ತಿ ಒಂದು ದಿನ ಗಾಳಿ ತುಂಬದೆ ಬಿಟ್ಟೆ. ಈ ಕಾಯುವಿಕೆಯಲ್ಲಿ ಅವಸರ ಮಾಡಿದರೆ ಯಾವ ಅಂಟೂ ನಿಲ್ಲದು. ಮೊದಲ ಹದಿನೈದು ದಿನ ಎರಡೂ ಸಮಸಮ. ವ್ಯತ್ಯಾಸ ಗೊತ್ತಾದದ್ದು ಬಿಸಿಲಿನಲ್ಲಿ: ಒಂಟಿ ಟ್ಯೂಬಿನ ಅಂಟು ಬಿಸಿಗೆ ಮೆತ್ತಗಾಗಿ, ತೇಪೆಯ ಅಂಚು ಉಗುರಿಗೆ ಸಿಗುವಷ್ಟು ಎದ್ದಿತು, ಆದರೂ ಸೋರಲಿಲ್ಲ. ಗಟ್ಟಿಕಾರಕ ಬೆರೆಸಿದ್ದು ಅಲುಗಲಿಲ್ಲ. ಪಿವಿಸಿಯನ್ನು ಮೃದುವಾಗಿಡುವ ಎಣ್ಣೆಯಂಥ ರಾಸಾಯನಿಕಗಳು ಕಾಲಕ್ರಮೇಣ ಅಂಟಿನೊಳಕ್ಕೆ ಜಿನುಗಿ ಅದನ್ನು ಸಡಿಲಗೊಳಿಸುತ್ತವೆ. ಗಟ್ಟಿಕಾರಕವಿರುವ ಅಂಟು ಇದನ್ನೂ ಬಿಸಿಯನ್ನೂ ಹೆಚ್ಚು ತಾಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬೆರೆಸಿದ ಅಂಟನ್ನು ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು, ಪ್ರಮಾಣ ತಪ್ಪಬಾರದು, ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕ್ಕೆ ಕೆಟ್ಟದ್ದಾದ್ದರಿಂದ ಗಾಳಿಯಾಡುವ ಕಡೆ ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು. ಸೂಜಿಮೊನೆಯ ರಂಧ್ರವೊಂದಕ್ಕಾಗಿ ಇಷ್ಟೆಲ್ಲ ಹರಡಿಕೊಳ್ಳುವುದು ನನಗೆ ಅತಿಯೆನಿಸುತ್ತದೆ.

ಆಶ್ಚರ್ಯಪಡಿಸಿದ್ದು ಸೀಲಂಟ್. ಪಂಪನ್ನು ಗಾಳಿ ಹೀರುವ ಕಡೆಗೆ ಜೋಡಿಸಿ, ರಂಧ್ರದ ಮೇಲೆ ಒಂದು ಹನಿ ಇಟ್ಟೆ. ಅದರ ತುಸು ಭಾಗ ಒಳಕ್ಕೆ ಎಳೆಯಲ್ಪಟ್ಟು, ರಾತ್ರಿ ಕಳೆಯುವಷ್ಟರಲ್ಲಿ ರಬ್ಬರಿನ ಬಿರಡೆಯಂತೆ ಗಟ್ಟಿಯಾಗಿತ್ತು. ಮೇಲೆ ಉಳಿದ ಗುಬುಟು ನೋಡಲು ಚೆನ್ನಾಗಿಲ್ಲ, ಆದರೆ ಅಲ್ಲಿಂದ ಇಂದಿಗೂ ಒಂದು ಗುಳ್ಳೆ ಬಂದಿಲ್ಲ. ಎರಡು ಮಿಲಿಮೀಟರಿಗೂ ಮೀರಿದ ಸೀಳಿಗೆ ಇದೇ ಉಪಾಯ ಮಾಡಿದಾಗ ಒತ್ತಡ 10 ಪಿಎಸ್‌ಐ ದಾಟುತ್ತಲೇ ಬಿರಡೆ ಕಿತ್ತುಬಂತು.

ಪಕ್ಕದ ಅಂಚಿನ ಜೋಡಣೆ ಬಿಟ್ಟುಕೊಂಡರೆ ಸೀಲಂಟ್, ಸುಲಿಯುವ ತೇಪೆ ಎರಡೂ ವ್ಯರ್ಥ. ಹೊಸ ಬೋರ್ಡಿನಲ್ಲಿ ಬೆರಳುದ್ದ ಬಿಟ್ಟಿದ್ದ ಅಂಚನ್ನು ಹೇರ್‌ಡ್ರೈಯರಿನಿಂದ ಬಿಸಿಮಾಡಿ ಎಬ್ಬಿಸಿ, ಹಳೆಯ ಅಂಟನ್ನು ಉಜ್ಜಿ ತೆಗೆದು, ಎರಡು ಭಾಗಗಳ ಅಂಟಿನಿಂದಲೇ ಕೂರಿಸಿದ್ದೇನೆ. ಸಾಕಷ್ಟು ಉದ್ದ ಬಿಚ್ಚಿಕೊಂಡಿದ್ದರೆ ನಾನು ಕೈಹಾಕುತ್ತಿರಲಿಲ್ಲ. ಅಷ್ಟುದ್ದದ ಅಂಚನ್ನು ಸುಕ್ಕಿಲ್ಲದೆ ಒಂದೇ ಸಲಕ್ಕೆ ಕೂರಿಸಲು ಎರಡು ಕೈ ಸಾಲದು.