ಹಕ್ಕಿ ಫೋಟೋಗೆ ಮೂರು ಜೋಡಿ: ಸೋನಿ 200-600, ಕ್ಯಾನನ್ 100-500, ನಿಕಾನ್ 180-600

ಹಕ್ಕಿ ಫೋಟೋಗೆ ಯಾವ ಕ್ಯಾಮೆರಾ ಒಳ್ಳೆಯದು ಅಂತ ಕೇಳಿದವರನ್ನು ನಾನು ಮೊದಲು ಕೇಳುವುದು ಒಂದೇ ಮಾತು. ನಿಮ್ಮ ಹಕ್ಕಿ ಜಾಸ್ತಿ ಹೊತ್ತು ಕೂತಿರುತ್ತದಾ, ಹಾರುತ್ತಿರುತ್ತದಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ನಾನು ಬಳಸಿ ನೋಡಿರುವುದು ಮೂರು ಜೋಡಿ. ಸೋನಿ ಎ7 ಫೋರ್ ಮೇಲೆ 200-600 ಎಂಎಂ ಎಫ್/5.6-6.3. ಕ್ಯಾನನ್ ಆರ್7 ಮೇಲೆ 100-500 ಎಂಎಂ ಎಫ್/4.5-7.1. ನಿಕಾನ್ ಝಡ್8 ಮೇಲೆ 180-600 ಎಂಎಂ ಎಫ್/5.6-6.3. ಎಂಎಂ ಅಂಕೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ, ಎಫ್ ಅಂಕೆ ಚಿಕ್ಕದಾದಷ್ಟು ಬೆಳಕು ಜಾಸ್ತಿ. ಬಾಡಿಯನ್ನು, ಅಂದರೆ ಕ್ಯಾಮೆರಾವನ್ನು, ಬಿಟ್ಟು ಲೆನ್ಸ್ ಒಂದನ್ನೇ ತೂಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಜೋಡಿಯಾಗಿಯೇ ಹೇಳುತ್ತೇನೆ.

ಮೊದಲು ದೂರದ ಮಾತು. 600 ದೊಡ್ಡದು, 500 ಚಿಕ್ಕದು ಅಂತ ಸುಮ್ನೆ ತೀರ್ಮಾನ ಮಾಡಬೇಡಿ. ದೂರದ ಹಕ್ಕಿ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮೇಲೆ ಎಷ್ಟು ಪಿಕ್ಸೆಲ್ ತುಂಬುತ್ತದೆ ಅನ್ನುವುದು ಮುಖ್ಯ. ಆರ್7 ಎಪಿಎಸ್-ಸಿ ಬಾಡಿ. ಸಣ್ಣ ಸೆನ್ಸರ್‌ನಲ್ಲೇ 32.5 ಮೆಗಾಪಿಕ್ಸೆಲ್ ಕೂರಿಸಿದ್ದಾರೆ, ಹಾಗಾಗಿ ಅದರ ಪಿಕ್ಸೆಲ್ ತುಂಬಾ ಸಣ್ಣದು. ಅದೇ ಹಕ್ಕಿ ಅಷ್ಟೇ ದೂರದಲ್ಲಿ ಕೂತು, ಎ7 ಫೋರ್ ಮತ್ತು 600ರಲ್ಲಿ 1000 ಪಿಕ್ಸೆಲ್ ಅಗಲ ಬಂತು ಅಂದುಕೊಳ್ಳಿ. 45.7 ಮೆಗಾಪಿಕ್ಸೆಲ್‌ನ ಝಡ್8ರಲ್ಲಿ ಅದು ಸುಮಾರು 1170 ಆಗುತ್ತದೆ. ಆರ್7 ಮತ್ತು 500ರಲ್ಲಿ ಸುಮಾರು 1330. ಚಿಕ್ಕ ಲೆನ್ಸೇ ಮುಂದಿದೆ! ಒಳ್ಳೆ ಬೆಳಕಿನಲ್ಲಿ ದೂರದ ಕೊಂಬೆಯ ಹಕ್ಕಿಯನ್ನು ಕ್ರಾಪ್ ಮಾಡಿ ನೋಡಿದಾಗ, ಎದೆಯ ಸಣ್ಣ ಗರಿಗಳು ಎಳೆ ಎಳೆಯಾಗಿ ಬಿಡಿಸಿಕೊಂಡು ಕಾಣುವುದು ನನಗೆ ಹೆಚ್ಚಾಗಿ ಕ್ಯಾನನ್ ಫೈಲುಗಳಲ್ಲೇ.

ಆದರೆ ಬೆಳಕು ಕಡಿಮೆಯಾದರೆ ಮಾತು ತಿರುಗುತ್ತದೆ. 500ನ್ನು 7.1ರಿಂದ ಭಾಗಿಸಿ, ಬೆಳಕು ಒಳಬರುವ ಲೆನ್ಸಿನ ಕಿಂಡಿ ಸುಮಾರು 70 ಎಂಎಂ. 600ನ್ನು 6.3ರಿಂದ ಭಾಗಿಸಿ, 95 ಎಂಎಂ. ಕಿಂಡಿಯ ವಿಸ್ತೀರ್ಣ ನೋಡಿದರೆ, ಆ ಹಕ್ಕಿಯಿಂದ ಬರುವ ಬೆಳಕು ಸೋನಿ, ನಿಕಾನ್ ಲೆನ್ಸುಗಳಿಗೆ ಒಂದೂ ಮುಕ್ಕಾಲು ಪಟ್ಟಿಗಿಂತಲೂ ಜಾಸ್ತಿ ಸಿಗುತ್ತದೆ. ಹಕ್ಕಿಗಳು ಚುರುಕಾಗಿರುವುದೇ ಬೆಳಗಿನ ಜಾವ, ಸಂಜೆ, ಅಲ್ವಾ? ಆ ಹೊತ್ತಿನಲ್ಲಿ ಮರದ ನೆರಳಲ್ಲಿ ಕೂತ ಹಕ್ಕಿಗೆ ಆರ್7ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಸರಸರ ಏರುತ್ತದೆ. ಹೆಚ್ಚು ಪಿಕ್ಸೆಲ್ ಸಿಕ್ಕರೂ ನಾಯ್ಸ್, ಅಂದರೆ ಚಿತ್ರದಲ್ಲಿ ಬರುವ ಕಾಳು ಕಾಳು ಚುಕ್ಕೆ, ಅದನ್ನು ನುಂಗಿಬಿಡುತ್ತದೆ. ಈಗಿನ ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಬಹಳ ಕೆಲಸ ಮಾಡುತ್ತದೆ ನಿಜ. ಆದರೂ ಇಲ್ಲದ ಗರಿಯನ್ನು ಅದು ತಂದುಕೊಡಲಾರದು.

ತೂಕದಲ್ಲಿ ಕ್ಯಾನನ್‌ಗೆ ಎದುರಾಳಿಯೇ ಇಲ್ಲ. ಟ್ರೈಪಾಡ್ ಕಾಲರ್ (ಲೆನ್ಸನ್ನು ಸ್ಟ್ಯಾಂಡಿಗೆ ಸೇರಿಸುವ ಬಳೆ) ತೆಗೆದರೆ ಲೆನ್ಸ್ 1370 ಗ್ರಾಂ, ಬಾಡಿ ಸೇರಿ ಹತ್ತಿರ ಹತ್ತಿರ 2 ಕೆಜಿ. ಕಾಲರ್ ಇಲ್ಲದೆ ಸೋನಿ ಜೋಡಿ ಸುಮಾರು 2.8, ನಿಕಾನ್ ಜೋಡಿ ಅದಕ್ಕಿಂತ ತುಸು ಜಾಸ್ತಿ. ಮುಕ್ಕಾಲು ಕೆಜಿ ಏನು ಮಹಾ ಅನ್ನಿಸಬಹುದು. ಒಂದು ಮುಂಜಾನೆ ಪೂರ್ತಿ ಕೈಯಲ್ಲೇ ಹಿಡಿದು ನಡೆದು ನೋಡಿ. ತಲೆಯ ಮೇಲೆ ಹದ್ದು ಸುತ್ತುತ್ತಿದೆ, ಕ್ಯಾಮೆರಾ ಕಣ್ಣಿಗೆ ಏರಿಸಿ ಕಾಯುತ್ತಾ ನಿಂತಿದ್ದೀರಿ. ಭಾರದ ಲೆನ್ಸ್ ಹಿಡಿದ ಎಡಗೈ ಒಂದೆರಡು ನಿಮಿಷದಲ್ಲೇ ನಡುಗಲು ಶುರು. ಹಕ್ಕಿ ಹತ್ತಿರ ಬರುವ ಹೊತ್ತಿಗೆ ಕೈ ಇಳಿಸಿರುತ್ತೀರಿ.

ಸೋನಿ, ನಿಕಾನ್ ಲೆನ್ಸುಗಳ ಸುಖ ಬೇರೆ ಥರ. ಎರಡರಲ್ಲೂ ಜೂಮ್ ಒಳಗೇ ನಡೆಯುತ್ತದೆ, ಲೆನ್ಸ್ ಉದ್ದವಾಗುವುದಿಲ್ಲ. ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಮೇಲೆ ಇಟ್ಟರೆ ತೂಕ ಆಚೀಚೆ ಆಗುವುದಿಲ್ಲ. ನಿಕಾನ್‌ನಲ್ಲಿ ರಿಂಗ್ ಬರೀ 70 ಡಿಗ್ರಿ ತಿರುಗಿಸಿದರೆ 180ರಿಂದ 600 ಮುಟ್ಟುತ್ತದೆ, ಎರಡು ಬೆರಳು ಸಾಕು. ಹಾರುವ ಹಕ್ಕಿ ಫ್ರೇಮಿನಿಂದ ತಪ್ಪಿಸಿಕೊಂಡಾಗ ಜೂಮ್ ಹಿಂದಕ್ಕೆ ತಂದು ಹುಡುಕಿ ಮತ್ತೆ ಮುಂದಕ್ಕೆ ಹೋಗಬೇಕಲ್ಲ, ಅಲ್ಲಿ ಇದು ತುಂಬಾ ಉಪಯೋಗ. ಕ್ಯಾನನ್ 100-500ರ ಮೂತಿ ಹೊರಗೆ ಚಾಚುತ್ತದೆ, ಮುಚ್ಚಿದರೆ ಸಣ್ಣ ಚೀಲದಲ್ಲೂ ಹಿಡಿಯುತ್ತದೆ. ಇನ್ನೊಂದು ಲಾಭವೂ ಇದೆ. 500ರಲ್ಲಿ ಅದು 1.2 ಮೀಟರ್ ಹತ್ತಿರದವರೆಗೆ ಫೋಕಸ್ ಮಾಡುತ್ತದೆ. ಉಳಿದೆರಡಕ್ಕೆ 600ರಲ್ಲಿ 2.4 ಮೀಟರ್ ಬೇಕು. ಪಕ್ಕದ ಹೂವಿಗೇ ಸೂರಕ್ಕಿ ಬಂದು ಕೂತರೆ ಹಿಂದೆ ಸರಿಯಬೇಕಾಗಿಲ್ಲ.

ಈಗ ಹಾರುವ ಹಕ್ಕಿ. ಇಲ್ಲಿ ಲೆನ್ಸಿಗಿಂತ ಬಾಡಿ ಮುಖ್ಯ. ಅದರಲ್ಲೂ ಸೆನ್ಸರ್ ಎಷ್ಟು ಬೇಗ ತನ್ನ ಸಾಲುಗಳನ್ನು ಓದಿ ಮುಗಿಸುತ್ತದೆ ಅನ್ನುವುದು. ಡಬ್ಬದ ಮೇಲೆ ಸೆಕೆಂಡಿಗೆ 30 ಫ್ರೇಮ್ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಆದರೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ದಾಖಲಾಗುತ್ತದೆ. ಎ7 ಫೋರ್‌ಗೆ ಅದಕ್ಕೆ ಸುಮಾರು 1/15 ಸೆಕೆಂಡ್ ಬೇಕು, ಆರ್7ಗೆ ಸುಮಾರು 1/30. ಸಣ್ಣ ಹಕ್ಕಿ ಅಷ್ಟರಲ್ಲಿ ರೆಕ್ಕೆಯನ್ನು ಮೇಲಿಂದ ಕೆಳಗೆ ತಂದುಬಿಟ್ಟಿರುತ್ತದೆ. ಶಟರ್ ವೇಗ 1/4000 ಇಟ್ಟರೂ ರೆಕ್ಕೆ ಸೊಟ್ಟಗೆ ಬರುತ್ತದೆ. ಚೂಪಾಗಿ ಬರುತ್ತದೆ, ಆದರೆ ಆಕಾರವೇ ಬೇರೆ. ಹಾಗಾಗಿ ಈ ಎರಡರಲ್ಲೂ ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರ್ (ನಿಜವಾದ ಪರದೆ ಸರಿಯುವ ಬಗೆ) ಇಡಿ. ಆರ್7 ಆಗಲೂ ಸೆಕೆಂಡಿಗೆ 15 ಕೊಡುತ್ತದೆ, ಧಾರಾಳ ಸಾಕು. ಎ7 ಫೋರ್‌ಗೆ 10, ಅದೂ ಲಾಸಿ ಕಂಪ್ರೆಸ್ಡ್ ರಾ (ಕ್ಯಾಮೆರಾದ ಕಚ್ಚಾ ಫೈಲನ್ನು ತುಸು ವಿವರ ಬಿಟ್ಟು ಕುಗ್ಗಿಸಿದ ರೂಪ) ಆಯ್ಕೆ ಮಾಡಿದರೆ ಮಾತ್ರ.

ಝಡ್8ರದ್ದು ಸ್ಟ್ಯಾಕ್ಡ್ ಸೆನ್ಸರ್, ಬಹಳ ಬೇಗ ಓದುವ ಬಗೆ. ಓದಿ ಮುಗಿಸಲು ಸುಮಾರು 1/270 ಸೆಕೆಂಡ್. ಅದಕ್ಕೆ ಮೆಕ್ಯಾನಿಕಲ್ ಶಟರ್ ಇಟ್ಟೇ ಇಲ್ಲ. ರಾದಲ್ಲಿ ಸೆಕೆಂಡಿಗೆ 20, ರೆಕ್ಕೆ ನೆಟ್ಟಗೆ. ನನಗೆ ಇದಕ್ಕಿಂತ ಹಿತವಾದದ್ದು ವ್ಯೂಫೈಂಡರ್. ಬರ್ಸ್ಟ್ (ಒಂದೇ ಸಮನೆ ಸಾಲು ಫೋಟೋ) ಹೊಡೆಯುವಾಗ ಕಣ್ಣೆದುರು ಕತ್ತಲಾಗುವುದೇ ಇಲ್ಲ. ನೀರಿನ ಮೇಲೆ ಕವಲುತೋಕೆ ಹಾರುವುದನ್ನು ನೋಡಿದ್ದೀರಲ್ಲ? ನೇರ ಬರುತ್ತಿದ್ದದ್ದು ತಟ್ಟನೆ ಬಲಕ್ಕೆ ವಾಲುತ್ತದೆ, ಕೊಕ್ಕಿನಿಂದ ನೀರು ಗೀರಿ ಮೇಲೇಳುತ್ತದೆ. ಮೆಕ್ಯಾನಿಕಲ್ ಶಟರ್‌ನಲ್ಲಿ ಪ್ರತಿ ಫ್ರೇಮಿಗೂ ಫೈಂಡರ್ ಮಿಟುಕುತ್ತದೆ. ಹಕ್ಕಿ ತಿರುಗಿದ್ದು ಆ ಮಿಟುಕಿನ ನಡುವೆ ಆದರೆ, ನಿಮ್ಮ ಕೈ ಇನ್ನೂ ಹಳೇ ದಾರಿಯಲ್ಲೇ ಹೋಗುತ್ತಿರುತ್ತದೆ. ಝಡ್8ರಲ್ಲಿ ತಿರುಗಿದ್ದು ಆಗಲೇ ಕಾಣುತ್ತದೆ, ಕೈಯೂ ಜೊತೆಗೇ ತಿರುಗುತ್ತದೆ.

ಕೂತ ಹಕ್ಕಿ ಹಾರುವ ಕ್ಷಣಕ್ಕೆ ಪ್ರೀ-ಕ್ಯಾಪ್ಚರ್ ಬೇಕು, ಅಂದರೆ ಬೆರಳು ಒತ್ತುವ ಮುಂಚಿನದ್ದನ್ನೂ ಉಳಿಸುವ ಸೌಲಭ್ಯ. ಕಳ್ಳಿಪೀರ ಒಂದೇ ಕೊಂಬೆಗೆ ಮತ್ತೆ ಮತ್ತೆ ವಾಪಸ್ ಬರುತ್ತದೆ. ಹಾರುವ ಮೊದಲು ತಲೆ ಓರೆ ಮಾಡಿ ಹುಳು ಹುಡುಕುತ್ತದೆ. ಅದು ಎದ್ದಮೇಲೆ ಬೆರಳು ಒತ್ತಿದರೆ ಖಾಲಿ ಕೊಂಬೆಯೇ ಗತಿ. ಆರ್7 ಬೆರಳು ಒತ್ತುವ ಅರ್ಧ ಸೆಕೆಂಡ್ ಹಿಂದಿನದ್ದನ್ನೂ ರಾದಲ್ಲೇ ಇಟ್ಟುಕೊಡುತ್ತದೆ, ಇದು ಎಲೆಕ್ಟ್ರಾನಿಕ್ ಶಟರ್‌ನಲ್ಲೇ ನಡೆಯುವುದರಿಂದ ರೆಕ್ಕೆ ಸೊಟ್ಟಗಾಗುವುದನ್ನು ಒಪ್ಪಿಕೊಳ್ಳಬೇಕು ಅಷ್ಟೆ. ಝಡ್8ರಲ್ಲಿ ರೆಕ್ಕೆ ಸರಿ ಬರುತ್ತದೆ, ಆದರೆ ಸಿಗುವುದು ಜೆಪೆಗ್ ಮಾತ್ರ. ಎ7 ಫೋರ್‌ನಲ್ಲಿ ಈ ಸೌಲಭ್ಯವೇ ಇಲ್ಲ.

ಫೋಕಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಯಲಲ್ಲಿ, ಆಕಾಶದ ಎದುರು ಮೂರೂ ಹಕ್ಕಿಯ ಕಣ್ಣು ಹಿಡಿಯುತ್ತವೆ. ಝಡ್8ಗೆ 2024ರ ಫರ್ಮ್‌ವೇರ್‌ನಲ್ಲಿ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಹಕ್ಕಿಗೆಂದೇ ಬೇರೆ ಮೋಡ್ ಬಂತು, ಹಳೇ ಬಾಡಿ ಕೊಂಡವರು ಅಪ್‌ಡೇಟ್ ಮಾಡಿಕೊಳ್ಳಿ. ಪೊದೆಯೊಳಗೆ ಮೂರೂ ಮುಂದಿನ ಎಲೆಗೆ ಹೋಗುತ್ತವೆ. ಅಲ್ಲಿ ಚಿಕ್ಕ ಪಾಯಿಂಟ್ ಇಟ್ಟು ಹಕ್ಕಿಯ ಮೇಲೆ ನೀವೇ ಕೂರಿಸುವುದು ಲೇಸು. ಆಕಾಶದ ಹಕ್ಕಿಗೆ ಲೆನ್ಸಿನ ಫೋಕಸ್ ಲಿಮಿಟರ್ (ಹತ್ತಿರದ ಫೋಕಸ್ ತಡೆಯುವ ಸ್ವಿಚ್) ಹಾಕಿಡಿ, ಫೋಕಸ್ ತಪ್ಪಿದರೆ ಬೇಗ ವಾಪಸ್ ಬರುತ್ತದೆ.

ನನ್ನ ಆಯ್ಕೆ ಕೇಳಿದರೆ: ಹಾರುವ ಹಕ್ಕಿಗೆ ನಿಕಾನ್ ಜೋಡಿ, ಎರಡನೇ ಮಾತಿಲ್ಲ. ದಿನವಿಡೀ ನಡೆಯುವವರಿಗೆ, ಭುಜ ನೋವಿರುವವರಿಗೆ, ಕೂತ ಹಕ್ಕಿಯನ್ನೇ ಇಷ್ಟಪಡುವವರಿಗೆ ಕ್ಯಾನನ್. ಸೋನಿ ಲೆನ್ಸ್ ನಿಕಾನ್ ಲೆನ್ಸಿಗೆ ಸರಿಸಮ. ಅಲ್ಲಿ ಬದಲಿಸಬೇಕಾದದ್ದು ಬಾಡಿ. ಎ1 ಅಥವಾ ಎ9 ಸಾಲಿನ ಸ್ಟ್ಯಾಕ್ಡ್ ಸೆನ್ಸರ್ ಬಾಡಿ ಮೇಲೆ ಅದೇ 200-600 ಹಾಕಿದರೆ ಹಾರಾಟದ ಫೋಟೋದಲ್ಲಿ ಯಾರಿಗೂ ಕಡಿಮೆಯಿಲ್ಲ. ಈಗಾಗಲೇ ಸೋನಿ ಇರುವವರು ಬೇರೆ ಕಂಪನಿಗೆ ಜಿಗಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

1.4 ಟೆಲಿಕನ್ವರ್ಟರ್ (ಲೆನ್ಸ್, ಬಾಡಿ ನಡುವೆ ಹಾಕುವ, 1.4 ಪಟ್ಟು ಹತ್ತಿರ ತೋರಿಸುವ ಪುಟ್ಟ ಲೆನ್ಸ್) ಮೂರಕ್ಕೂ ಕೂರುತ್ತದೆ. 600 ಇದ್ದದ್ದು 840 ಎಫ್/9 ಆಗುತ್ತದೆ. ಕ್ಯಾನನ್‌ನಲ್ಲಿ ಅದನ್ನು ಹಾಕಿದರೆ 300ರಿಂದ ಹಿಂದಕ್ಕೆ ಜೂಮ್ ಬರುವುದಿಲ್ಲ, ಲೆನ್ಸ್ ಪೂರ್ತಿ ಮುಚ್ಚುವುದೂ ಇಲ್ಲ. ಬಿಸಿಲೇರಿದ ಮೇಲೆ ದೂರದ ಹಕ್ಕಿಗೆ ಇದನ್ನು ಹಾಕಿ ಪ್ರಯೋಜನವಿಲ್ಲ. ನೆಲದಿಂದ ಏಳುವ ಬಿಸಿಗಾಳಿಗೆ ಚಿತ್ರ ಕಲಸಿಹೋಗುತ್ತದೆ, ಯಾವ ಲೆನ್ಸ್ ಆದರೂ ಅಷ್ಟೆ.